ಕಂಪ್ರೆಸರ್ ಪೆಡಲಿನಲ್ಲಿ ಡಯೋಡ್, ರೆಸಿಸ್ಟರ್ ಬದಲಿಸಬಹುದೇ?

ಪ್ರಶ್ನೆ: ಗಿಟಾರಿಗೆ ಮನೆಯಲ್ಲೇ ಒಂದು ಕಂಪ್ರೆಸರ್ ಪೆಡಲ್ (ಜೋರು ಸ್ವರವನ್ನು ತಗ್ಗಿಸಿ ಮೆಲು ಸ್ವರವನ್ನು ಎತ್ತುವ ಪೆಟ್ಟಿಗೆ) ಕಟ್ಟುತ್ತಿದ್ದೇನೆ. ನಕ್ಷೆ ಎಂಎಕ್ಸ್‌ಆರ್ ಡೈನಾ ಕಾಂಪ್ ಮಾದರಿಯದು. ಒಂದು ಸಿಎ3080 ಐಸಿ, ಐದು ಟ್ರಾನ್ಸಿಸ್ಟರ್, ಎರಡು 1ಎನ್914 ಡಯೋಡ್ ಇವೆ. ಪವರ್ ಜಾಗದಲ್ಲಿ ಒಂದು 1ಎನ್4001 ಇದೆ. ಅಂಗಡಿಯಲ್ಲಿ 1ಎನ್914 ಸಿಗಲಿಲ್ಲ, 1ಎನ್4148 ಮತ್ತು 1ಎನ್4007 ಕೊಟ್ಟರು. ಜರ್ಮೇನಿಯಂ ಡಯೋಡ್ ಹಾಕಿದರೆ ಸ್ವರ ಬೆಚ್ಚಗಾಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ನಿಜವೇ? 150ಕೆ, 27ಕೆ, 56ಕೆ (ಕೆ ಅಂದರೆ ಸಾವಿರ ಓಮ್) ರೆಸಿಸ್ಟರ್‌ಗಳೂ ಸಿಕ್ಕಿಲ್ಲ. ಹತ್ತಿರದ ವ್ಯಾಲ್ಯೂ ಹಾಕಿದರೆ ನಡೆಯುತ್ತದೆಯೇ? ಎಲ್ಲವೂ 1% ಮೆಟಲ್ ಫಿಲ್ಮ್ ಆಗಿರಬೇಕೇ?

ಉತ್ತರ: ಎರಡು 1ಎನ್914 ಜಾಗಕ್ಕೆ 1ಎನ್4148 ಹಾಕಿ. ಪವರ್ ಜಾಗದ 1ಎನ್4001ಕ್ಕೆ 1ಎನ್4007 ಹಾಕಿ. ಇವೆರಡರಲ್ಲಿ ಯಾವ ಅಳುಕೂ ಬೇಡ. ಈ ಸರ್ಕ್ಯೂಟಿನಲ್ಲಿ ಜರ್ಮೇನಿಯಂನಿಂದ ಸ್ವರ ಬೆಚ್ಚಗಾಗುವುದಿಲ್ಲ. ರೆಸಿಸ್ಟರ್‌ಗಳ ವಿಷಯ ಮಾತ್ರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ಕೆಲವನ್ನು ಎರಡು ಪಟ್ಟು ಬದಲಿಸಿದರೂ ಕಿವಿಗೆ ಗೊತ್ತಾಗುವುದಿಲ್ಲ. ಕೆಲವನ್ನು ಬದಲಿಸಿದರೆ ಪೆಡಲಿನ ಗುಣವೇ ಬೇರೆಯಾಗುತ್ತದೆ. ಒಂದನ್ನು ತಪ್ಪಿಸಿದರೆ ಐಸಿ ಸುಡುತ್ತದೆ. ಹಾಗಾಗಿ ಯಾವ ಭಾಗ ಏನು ಕೆಲಸ ಮಾಡುತ್ತಿದೆ ಅಂತ ಮೊದಲು ನೋಡೋಣ. ಅದು ತಿಳಿದರೆ ಅಂಗಡಿಯ ಮುಂದೆ ನಿಂತು ನೀವೇ ತೀರ್ಮಾನ ಮಾಡಬಹುದು.

ಡೈನಾ ಕಾಂಪ್ 1970ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನಿಂದ ಬಂದ ಪೆಡಲ್. ಅದೇ ದಶಕದ ಕೊನೆಗೆ ಕಾನ್ಸಸ್‌ನಲ್ಲಿ ತಯಾರಾದ ರಾಸ್ ಕಂಪ್ರೆಸರ್ ಹೆಚ್ಚುಕಮ್ಮಿ ಇದೇ ಸರ್ಕ್ಯೂಟ್. ಇಂದಿಗೂ ಮನೆಯಲ್ಲಿ ಕಟ್ಟುವವರ ಹೆಚ್ಚಿನ ಕಂಪ್ರೆಸರ್ ನಕ್ಷೆಗಳು ಈ ಎರಡರಿಂದಲೇ ಹುಟ್ಟಿದವು. ಆದ್ದರಿಂದ ಇಲ್ಲಿ ಹೇಳುವುದು ಅಂಥ ಎಲ್ಲಾ ನಕ್ಷೆಗಳಿಗೂ ಬಹುತೇಕ ಒಪ್ಪುತ್ತದೆ.

ನಿಮ್ಮ ನಕ್ಷೆಯನ್ನು ಮೇಜಿನ ಮೇಲೆ ಹರಡಿ. ಅದರಲ್ಲಿ ಎರಡು ಹಾದಿಗಳಿವೆ. ಒಂದು ಸ್ವರದ ಹಾದಿ. ಗಿಟಾರಿನ ಸಿಗ್ನಲ್ ಮೊದಲ ಟ್ರಾನ್ಸಿಸ್ಟರ್ ದಾಟಿ ಸಿಎ3080ಕ್ಕೆ ಹೋಗುತ್ತದೆ. ಅಲ್ಲಿಂದ ಎರಡನೇ ಟ್ರಾನ್ಸಿಸ್ಟರ್ ದಾಟಿ ವಾಲ್ಯೂಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಮೂಲಕ ಹೊರಗೆ ಬರುತ್ತದೆ. ಇನ್ನೊಂದು ನಿಯಂತ್ರಣದ ಹಾದಿ. ಎರಡನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಮತ್ತು ಎಮಿಟರ್ ಎರಡರಿಂದಲೂ ಸಿಗ್ನಲ್ ತೆಗೆದು, 10 ನ್ಯಾನೋಫ್ಯಾರಡ್ ಕೆಪಾಸಿಟರ್‌ಗಳ ಮೂಲಕ ಮೂರನೇ ಮತ್ತು ನಾಲ್ಕನೇ ಟ್ರಾನ್ಸಿಸ್ಟರ್‌ಗಳ ಬೇಸಿಗೆ ಕೊಡಲಾಗಿದೆ. ಬೇಸ್, ಕಲೆಕ್ಟರ್, ಎಮಿಟರ್ ಅಂದರೆ ಟ್ರಾನ್ಸಿಸ್ಟರಿನ ಮೂರು ಕಾಲುಗಳು. ಬೇಸಿಗೆ ಕೊಟ್ಟ ಸಣ್ಣ ಕರೆಂಟ್ ಉಳಿದೆರಡರ ನಡುವಿನ ದೊಡ್ಡ ಕರೆಂಟನ್ನು ಆಳುತ್ತದೆ. ಈ ಎರಡು ಟ್ರಾನ್ಸಿಸ್ಟರ್‌ಗಳ ಕಲೆಕ್ಟರ್ ಒಟ್ಟಿಗೆ ಸೇರಿ ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ ಹೋಗುತ್ತವೆ.

ಆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡೀ ಪೆಡಲಿನ ಹೃದಯ. ಅದನ್ನು ಒಂದು ನೀರಿನ ತೊಟ್ಟಿ ಅಂದುಕೊಳ್ಳಿ. 150ಕೆ ರೆಸಿಸ್ಟರ್ ಅದನ್ನು ನಿಧಾನವಾಗಿ ತುಂಬಿಸುವ ಸಣ್ಣ ಪೈಪು. ಮೂರನೇ, ನಾಲ್ಕನೇ ಟ್ರಾನ್ಸಿಸ್ಟರ್‌ಗಳು ತೊಟ್ಟಿಯ ತಳದ ಎರಡು ನಲ್ಲಿಗಳು. ತಂತಿಯನ್ನು ಜೋರಾಗಿ ಮೀಟಿದರೆ ನಲ್ಲಿ ತೆರೆದು ಮಟ್ಟ ಇಳಿಯುತ್ತದೆ. ಮಟ್ಟ ಇಳಿದರೆ ಐದನೇ ಟ್ರಾನ್ಸಿಸ್ಟರ್ ಸಿಎ3080ದ 5ನೇ ಪಿನ್ನಿಗೆ ಕಡಿಮೆ ಕರೆಂಟ್ ಕೊಡುತ್ತದೆ. ಆ ಕರೆಂಟ್ ಕಡಿಮೆಯಾದರೆ ಐಸಿಯ ಗೇನ್, ಅಂದರೆ ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ, ಕಡಿಮೆಯಾಗುತ್ತದೆ. ಸ್ವರ ಆರುತ್ತಾ ಬಂದಂತೆ ತೊಟ್ಟಿ ಮತ್ತೆ ತುಂಬಿ ಗೇನ್ ಏರುತ್ತದೆ. ಕ್ಷೀಣಿಸುವ ಸ್ವರವನ್ನು ಎತ್ತಿ ಹಿಡಿದು ಉದ್ದ ಮಾಡುವುದು ಹೀಗೆ.

ಈಗ ಡಯೋಡ್ ಎಲ್ಲಿವೆ ನೋಡಿ. ಎರಡೂ ನಿಯಂತ್ರಣದ ಹಾದಿಯಲ್ಲಿವೆ, ಮೂರನೇ ಮತ್ತು ನಾಲ್ಕನೇ ಟ್ರಾನ್ಸಿಸ್ಟರ್‌ಗಳ ಬೇಸ್ ಮತ್ತು ಗ್ರೌಂಡ್ ನಡುವೆ. ಗಿಟಾರಿನ ಸ್ವರ ಅವುಗಳನ್ನು ದಾಟಿ ಹೊರಗೆ ಬರುವುದೇ ಇಲ್ಲ. ಡಿಸ್ಟಾರ್ಷನ್ ಪೆಡಲಿನಲ್ಲಿ ಹಾಗಲ್ಲ. ಅಲ್ಲಿ ಡಯೋಡ್‌ಗಳು ಸಿಗ್ನಲ್ಲಿನ ತುದಿಯನ್ನೇ ಕತ್ತರಿಸುತ್ತವೆ, ಕತ್ತರಿಸಿದ ಆಕಾರವನ್ನೇ ನೀವು ಕೇಳುತ್ತೀರಿ. ಅಲ್ಲಿ ಜರ್ಮೇನಿಯಂ, ಸಿಲಿಕಾನ್, ಎಲ್‌ಇಡಿ ಒಂದೊಂದೂ ಬೇರೆಯಾಗಿ ಕೇಳುತ್ತದೆ. ನಿಮ್ಮ ಗೆಳೆಯ ಹೇಳಿದ್ದು ಅಂಥ ಪೆಡಲಿಗೆ ಸರಿ. ಅದನ್ನು ಇಲ್ಲಿಗೆ ತಂದರೆ ಹೊಂದುವುದಿಲ್ಲ.

ಹಾಗಾದರೆ ಇಲ್ಲಿ ಅವು ಮಾಡುವ ಕೆಲಸವೇನು? ಟ್ರಾನ್ಸಿಸ್ಟರ್‌ನ ಬೇಸ್ ಒಂದೇ ದಿಕ್ಕಿಗೆ ಕರೆಂಟ್ ಬಿಡುತ್ತದೆ. ಜೋರು ಸಿಗ್ನಲ್ ಬಂದಾಗ ಮೊದಲ ಮೇಲ್ತುದಿಯಲ್ಲಿ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಬೇಸಿನ ಮೂಲಕ ಚಾರ್ಜ್ ಆಗುತ್ತದೆ. ಆ ಚಾರ್ಜ್ ವಾಪಸ್ ಹೋಗಲು ದಾರಿ ಇಲ್ಲದಿದ್ದರೆ ಬೇಸ್ ನೆಗೆಟಿವ್ ಕಡೆಗೆ ಕುಸಿದು ಅಲ್ಲೇ ಕೂರುತ್ತದೆ. ಮುಂದಿನ ಮೇಲ್ತುದಿಗಳು ಟ್ರಾನ್ಸಿಸ್ಟರನ್ನು ತೆರೆಯಲಾರವು. ಬೇಸಿನಿಂದ ಗ್ರೌಂಡಿಗೆ 1 ಮೆಗಾ ಓಮ್ ರೆಸಿಸ್ಟರ್ ಇದ್ದರೆ ಅದು ನಿಧಾನವಾಗಿ ಸರಿಪಡಿಸುತ್ತದೆ. 1 ಮೆಗಾ ಓಮ್ ಮತ್ತು 10 ನ್ಯಾನೋಫ್ಯಾರಡ್ ಅಂದರೆ 10 ಮಿಲಿಸೆಕೆಂಡಿನ ಲೆಕ್ಕ. ಪಿಕ್ಕಿನ ಏಟನ್ನು ಹಿಡಿಯಲು ಅದು ಸಾಲದು. ಡಯೋಡ್ ಇದ್ದರೆ ಪ್ರತಿ ಕೆಳತುದಿಯಲ್ಲೂ ಆ ಚಾರ್ಜನ್ನು ವಾಪಸ್ ತುಂಬುತ್ತದೆ. ಪ್ರತಿ ಸುತ್ತಿಗೂ ನಲ್ಲಿ ಮತ್ತೆ ಪೂರ್ತಿ ತೆರೆಯುತ್ತದೆ. ಅಂದರೆ ಈ ಡಯೋಡ್ ಒಂದು ಪಂಪಿನ ಅರ್ಧ ಭಾಗ.

ಒಂದು ಸುತ್ತಿಗೆ ಬೇಸಿಗೆ ಸಿಗುವ ಚಾರ್ಜ್ ಎಷ್ಟು? 10 ನ್ಯಾನೋಫ್ಯಾರಡ್ ಗುಣಿಸು ಮಿಕ್ಕ ವೋಲ್ಟೇಜ್. ಮಿಕ್ಕ ವೋಲ್ಟೇಜ್ ಅಂದರೆ ಸಿಗ್ನಲ್ಲಿನ ತುದಿಯಿಂದ ತುದಿಯ ವೋಲ್ಟೇಜಿನಲ್ಲಿ ಬೇಸಿನ ಸುಮಾರು 0.6 ವೋಲ್ಟ್ ಮತ್ತು ಡಯೋಡಿನ ಫಾರ್ವರ್ಡ್ ವೋಲ್ಟೇಜ್ ಎರಡನ್ನೂ ಕಳೆದದ್ದು. ಸಿಗ್ನಲ್ 4 ವೋಲ್ಟ್ ಇದೆ ಅನ್ನಿ. ಸಿಲಿಕಾನ್ ಡಯೋಡ್ 0.6 ವೋಲ್ಟ್ ತಿಂದರೆ 2.8 ವೋಲ್ಟ್ ಉಳಿಯಿತು, ಅಂದರೆ 28 ನ್ಯಾನೋಕೂಲಂಬ್. ಟ್ರಾನ್ಸಿಸ್ಟರ್ ಇದನ್ನು ತನ್ನ ಬೀಟಾದಷ್ಟು, ಅಂದರೆ ಕರೆಂಟ್ ಹಿಗ್ಗಿಸುವ ತನ್ನ ಅನುಪಾತದಷ್ಟು, ಹಿಗ್ಗಿಸುತ್ತದೆ. ಬೀಟಾ 400 ಇದ್ದರೆ 11 ಮೈಕ್ರೋಕೂಲಂಬ್. 10 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮಟ್ಟ ಒಂದೇ ಸುತ್ತಿಗೆ 1 ವೋಲ್ಟಿಗಿಂತ ಜಾಸ್ತಿ ಇಳಿಯುತ್ತದೆ. ಅದೂ ಒಂದು ಟ್ರಾನ್ಸಿಸ್ಟರಿನಿಂದ. ಎರಡು ಇವೆ. ಗಿಟಾರಿನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 82 ಸಲ ಅದುರುತ್ತದೆ, ಒಂದು ಸುತ್ತಿಗೆ 12 ಮಿಲಿಸೆಕೆಂಡು. ಕೆಲವೇ ಸುತ್ತುಗಳಲ್ಲಿ ಗೇನ್ ಇಳಿದಿರುತ್ತದೆ. ಡೈನಾ ಕಾಂಪ್‌ನ ಆ ಹೆಸರುವಾಸಿ ಚಿಟುಕು ಆರಂಭ, ಕಂಟ್ರಿ ಗಿಟಾರಿಗರು ಇಷ್ಟಪಡುವ ಆ ಗಟ್ಟಿ ಏಟು, ಹುಟ್ಟುವುದು ಈ ಕೆಲವು ಸುತ್ತುಗಳ ಒಳಗೆ.

ಈ ಲೆಕ್ಕ ಕೈಯಲ್ಲಿದ್ದರೆ ಯಾವ ಡಯೋಡ್ ಏನು ಮಾಡುತ್ತದೆ ಅಂತ ಊಹಿಸಬಹುದು.

1ಎನ್4148 ಮತ್ತು 1ಎನ್914 ನಡುವೆ ಇಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಹಲವು ತಯಾರಕರು ಎರಡಕ್ಕೂ ಒಂದೇ ಡೇಟಾಶೀಟ್ ಕೊಡುತ್ತಾರೆ. ಈ ಜಾಗದಲ್ಲಿ ಡಯೋಡಿನ ಮೇಲೆ ಬೀಳುವ ರಿವರ್ಸ್ ವೋಲ್ಟೇಜ್ 0.6 ವೋಲ್ಟ್ ದಾಟುವುದಿಲ್ಲ, ಯಾಕಂದರೆ ಅಷ್ಟಕ್ಕೇ ಬೇಸ್ ತೆರೆಯುತ್ತದೆ. ಹಾಗಾಗಿ 75 ವೋಲ್ಟೋ 100 ವೋಲ್ಟೋ ಅನ್ನುವ ಚರ್ಚೆ ಬೇಡ. ನಾಲ್ಕು ನ್ಯಾನೋಸೆಕೆಂಡಿನ ವೇಗವೂ ಗಿಟಾರಿಗೆ ಬೇಕಿಲ್ಲ.

1ಎನ್4007ನ್ನು ಇಲ್ಲೂ ಹಾಕಿದರೆ? ನಡೆಯುತ್ತದೆ. ಅದು ನಿಧಾನದ ಡಯೋಡ್, ಒಳಗಿನ ಕೆಪಾಸಿಟೆನ್ಸ್ ಜಾಸ್ತಿ, ಗಾತ್ರ ದೊಡ್ಡದು. ಆದರೆ ಕೆಲವು ಹತ್ತು ಪಿಕೋಫ್ಯಾರಡ್ ಅನ್ನುವುದು 10 ನ್ಯಾನೋಫ್ಯಾರಡ್ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. 4148 ಸಿಕ್ಕಿರುವಾಗ ಅದನ್ನೇ ಹಾಕಿ, ಬೋರ್ಡಿನಲ್ಲಿ ಜಾಗ ಉಳಿಯುತ್ತದೆ.

ಜರ್ಮೇನಿಯಂ ಹಾಕಿದರೆ ಡಯೋಡ್ ತಿನ್ನುವ ವೋಲ್ಟೇಜ್ 0.6ರಿಂದ 0.2 ಅಥವಾ 0.3ಕ್ಕೆ ಇಳಿಯುತ್ತದೆ. ಸಿಗ್ನಲ್ ಮೊದಲಿಗಿಂತ ಸಣ್ಣದಿದ್ದಾಗಲೇ ಕಂಪ್ರೆಷನ್ ಶುರುವಾಗುತ್ತದೆ. ಲೆಕ್ಕ ಹಾಕಿದರೆ ಸುಮಾರು 3 ಡೆಸಿಬೆಲ್ ಕೆಳಗೆ. ಈ ಪೆಡಲ್ ತನ್ನ ಔಟ್‌ಪುಟ್ಟನ್ನೇ ಅಳೆದು ಗೇನ್ ತಿದ್ದುವುದರಿಂದ, ಔಟ್‌ಪುಟ್ಟೂ ಹತ್ತಿರಹತ್ತಿರ ಅಷ್ಟೇ ಇಳಿಯುತ್ತದೆ. ವಾಲ್ಯೂಮ್ ತುಸು ಏರಿಸಿ ಸಮ ಮಾಡಿ ಕೇಳಿದರೆ ಸಸ್ಟೇನ್ ಪಾಟನ್ನು (ಕಂಪ್ರೆಷನ್ ಎಷ್ಟು ಬೇಕು ಅಂತ ತಿದ್ದುವ ಗುಂಡಿ) ಸ್ವಲ್ಪ ಮುಂದಕ್ಕೆ ತಿರುಗಿಸಿದಷ್ಟೇ ವ್ಯತ್ಯಾಸ. ಬೆಚ್ಚಗಿನ ಸ್ವರ ಅದರಿಂದ ಬರುವುದಿಲ್ಲ. ಬೆಂಗಳೂರಿನ ಬಿಇಎಲ್ 1960ರ ದಶಕದಲ್ಲೇ ಜರ್ಮೇನಿಯಂ ಡಿವೈಸುಗಳನ್ನು ತಯಾರಿಸುತ್ತಿತ್ತು. ಹಳೇ ರೇಡಿಯೋಗಳ ಒಳಗೆ ಓಎ79ರಂಥ ಡಯೋಡ್‌ಗಳು ಇನ್ನೂ ಸಿಗುತ್ತವೆ. ಅಂಥದ್ದು ಕೈಗೆ ಸಿಕ್ಕರೆ ಫಜ್ ಪೆಡಲಿಗೋ ರೇಡಿಯೋ ರಿಪೇರಿಗೋ ಎತ್ತಿಡಿ. ಅದು ಮುಗಿದುಹೋಗುತ್ತಿರುವ ವಸ್ತು. ಜೊತೆಗೆ ಜರ್ಮೇನಿಯಂನ ಸೋರಿಕೆ ಕರೆಂಟ್ ಬಿಸಿಗೆ ಏರುತ್ತದೆ, ಸುಮಾರು 10 ಡಿಗ್ರಿಗೆ ಎರಡು ಪಟ್ಟು. ಕಲಬುರಗಿಯ ಮೇ ತಿಂಗಳಲ್ಲಿ ವೇದಿಕೆ ಮೇಲೆ ಇಡುವ ಪೆಡಲಿಗೆ ಇದು ಬೇಡದ ತೊಂದರೆ. ಕಡಿಮೆ ವೋಲ್ಟೇಜಿನ ಡಯೋಡೇ ಬೇಕು ಅನ್ನಿಸಿದರೆ ಬಿಎಟಿ85ರಂಥ ಶಾಟ್ಕಿ ಡಯೋಡ್ ಹಾಕಿ. ಪರಿಣಾಮ ಅದೇ, ಬೆಲೆಯೂ ಕಡಿಮೆ.

ಎಲ್‌ಇಡಿ ಹಾಕಿದರೆ ಏನಾಗುತ್ತದೆ ಅನ್ನುವುದು ನನಗೆ ಹೆಚ್ಚು ಕುತೂಹಲದ ವಿಷಯ. ಕೆಂಪು ಎಲ್‌ಇಡಿ ಸುಮಾರು 1.7 ವೋಲ್ಟ್ ತಿನ್ನುತ್ತದೆ. ಕಂಪ್ರೆಷನ್ ಶುರುವಾಗುವ ಮಟ್ಟ ಅಷ್ಟೇ ಏರಬೇಕು ಅಂತ ಅನ್ನಿಸುತ್ತದೆ, ಅಲ್ವಾ? ಬೇಸಿಗೆ 1 ಮೆಗಾ ಓಮ್ ರೆಸಿಸ್ಟರ್ ಇದ್ದರೆ ಹಾಗಾಗುವುದಿಲ್ಲ. ಸ್ವರ ನಿಂತು ನುಡಿಯುವಾಗ 150ಕೆ ಮೂಲಕ ಬರುವ ಕೆಲವು ಹತ್ತು ಮೈಕ್ರೋಆಂಪ್ ಸೋರಿಸಿದರೆ ಸಾಕು. ಅದಕ್ಕೆ ಬೇಕಾದ ಅತಿ ಸಣ್ಣ ಬೇಸ್ ಕರೆಂಟನ್ನು ಆ ರೆಸಿಸ್ಟರೇ ಒದಗಿಸುತ್ತದೆ. ಹಾಗಾಗಿ ಉದ್ದ ಸ್ವರದ ಕಂಪ್ರೆಷನ್ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಮೊದಲ ಏಟು. ಪಂಪಿನ ಬಲ ಕಡಿಮೆಯಾಗಿ ಪಿಕ್ಕಿನ ಸದ್ದು ಹೆಚ್ಚು ಹೊತ್ತು ಹೊರಗೆ ನುಗ್ಗುತ್ತದೆ. ಬೆರಳಿನಿಂದ ಮೀಟುವವರಿಗೆ ಇದು ಹಿಡಿಸಬಹುದು. ಕತ್ತರಿಸಿದಂಥ ಗಟ್ಟಿ ಏಟು ಬೇಕಾದವರಿಗೆ ಹಿಡಿಸುವುದಿಲ್ಲ. ಪ್ರಯೋಗ ಮಾಡುವುದಾದರೆ ಡಯೋಡ್ ಜಾಗದಲ್ಲಿ ಸಾಕೆಟ್ ಹಾಕಿ. ಎರಡನ್ನೂ ಒಟ್ಟಿಗೆ ಬದಲಿಸಿ, ಒಂದು ಎಲ್‌ಇಡಿ ಒಂದು ಸಿಲಿಕಾನ್ ಬೇಡ. ಪೆಟ್ಟಿಗೆ ಮುಚ್ಚಿ ಕೇಳಿ, ಬೆಳಕು ಬಿದ್ದರೆ ಎಲ್‌ಇಡಿ ತಾನೇ ಸಣ್ಣ ಕರೆಂಟ್ ಹುಟ್ಟಿಸುತ್ತದೆ.

ಡಯೋಡಿನ ಜಾತಿಗಿಂತ ಹೆಚ್ಚು ಮುಖ್ಯವಾದದ್ದು ಅದರ ದಿಕ್ಕು. ಪಟ್ಟಿ ಇರುವ ತುದಿ ಬೇಸಿಗೆ, ಇನ್ನೊಂದು ತುದಿ ಗ್ರೌಂಡಿಗೆ. ತಿರುಗಿ ಹಾಕಿದರೆ ಡಯೋಡ್ ಬೇಸಿನ ಕರೆಂಟನ್ನೇ ಕದಿಯುತ್ತದೆ, ಪಂಪೂ ನಿಲ್ಲುತ್ತದೆ. ಪೆಡಲ್ ಸದ್ದು ಮಾಡುತ್ತದೆ, ಜೋರಾಗಿಯೇ ಮಾಡುತ್ತದೆ, ಆದರೆ ಕಂಪ್ರೆಸ್ ಮಾಡುವುದಿಲ್ಲ. ಕಟ್ಟಿದ ಕಂಪ್ರೆಸರ್ ಸುಮ್ನೆ ಬೂಸ್ಟರ್ ಥರ ನಡೆದುಕೊಂಡರೆ ಮೊದಲು ನೋಡಬೇಕಾದ ಜಾಗ ಇದು.

ಇನ್ನು ಪವರ್ ಜಾಗದ ಡಯೋಡ್. ಅಡಾಪ್ಟರ್ ಉಲ್ಟಾ ಹಾಕಿದರೆ ಪೆಡಲನ್ನು ಕಾಯುವುದು ಅದರ ಕೆಲಸ. 1ಎನ್4001ರಿಂದ 4007ರವರೆಗೆ ಎಲ್ಲವೂ 1 ಆಂಪ್ ಡಯೋಡ್‌ಗಳೇ. ವ್ಯತ್ಯಾಸ ತಡೆಯುವ ವೋಲ್ಟೇಜಿನಲ್ಲಿ ಮಾತ್ರ, 50 ವೋಲ್ಟಿನಿಂದ 1000 ವೋಲ್ಟಿನವರೆಗೆ. ನಮಗೆ ಬೇಕಿರುವುದು 9 ವೋಲ್ಟ್. ಇಲ್ಲಿ 4148 ಮಾತ್ರ ಹಾಕಬೇಡಿ. ಈ ಡಯೋಡ್ ಬ್ಯಾಟರಿಗೆ ಅಡ್ಡವಾಗಿ ಕೂತಿದ್ದರೆ, ಉಲ್ಟಾ ಅಡಾಪ್ಟರ್ ತನ್ನ ಕರೆಂಟನ್ನೆಲ್ಲಾ ಅದರ ಮೂಲಕ ಸುರಿಯುತ್ತದೆ. ಸಣ್ಣ ಗಾಜಿನ ಡಯೋಡ್ ಸುಟ್ಟು ತೆರೆದುಕೊಂಡರೆ ಮುಂದಿನ ಸರದಿ ಐಸಿಯದು. ಗಿಟಾರ್ ಪೆಡಲಿನ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ಮಧ್ಯದ ಪಿನ್ ನೆಗೆಟಿವ್ ಇರುತ್ತದೆ. ಅಂಗಡಿಯಲ್ಲಿ ಸಿಗುವ ಸಾದಾ 9 ವೋಲ್ಟ್ ಅಡಾಪ್ಟರುಗಳಲ್ಲಿ ಹೆಚ್ಚಿನವು ಮಧ್ಯದಲ್ಲಿ ಪಾಸಿಟಿವ್. ಆದ್ದರಿಂದ ಈ ಅಪಾಯ ಪುಸ್ತಕದ ಅಪಾಯವಲ್ಲ.

ರೆಸಿಸ್ಟರ್‌ಗಳಿಗೆ ಬರೋಣ. ಮೊದಲು ಹುಷಾರಾಗಿರಬೇಕಾದದ್ದು ಸಸ್ಟೇನ್ ಪಾಟ್ ಜೊತೆ ಸರಣಿಯಲ್ಲಿರುವ 27ಕೆ. ಸಿಎ3080ದ 5ನೇ ಪಿನ್ ತಡೆಯುವ ಗರಿಷ್ಠ ಕರೆಂಟ್ 2 ಮಿಲಿಆಂಪ್. ಪಾಟನ್ನು ಕೊನೆಯವರೆಗೆ ತಿರುಗಿಸಿದಾಗ ಐದನೇ ಟ್ರಾನ್ಸಿಸ್ಟರ್ ಮತ್ತು ಆ ಪಿನ್ನಿನ ನಡುವೆ ಉಳಿಯುವುದು ಈ 27ಕೆ ಒಂದೇ. ಅಡ್ಡಲಾಗಿ ಸುಮಾರು 7.5 ವೋಲ್ಟ್ ಇರುತ್ತದೆ. 27ಕೆ ಮೂಲಕ 280 ಮೈಕ್ರೋಆಂಪ್ ಹರಿಯುತ್ತದೆ, ಆರಾಮ. ಅದೇ ಜಾಗಕ್ಕೆ ಕಲರ್ ಕೋಡ್ ತಪ್ಪಿ ಓದಿ 2.7ಕೆ ಹಾಕಿದರೆ 2.8 ಮಿಲಿಆಂಪ್, ಐಸಿ ಹೋಯಿತು. ಸಿಎ3080ನ್ನು ಮೂಲ ತಯಾರಕರು ನಿಲ್ಲಿಸಿ ಬಹಳ ಕಾಲವಾಯಿತು. ಹಳೇ ಸರಕು ದುಬಾರಿ, ನಕಲಿಗಳೂ ಓಡಾಡುತ್ತವೆ. ಸಿಕ್ಕಿದ ಒಂದನ್ನು ಹೀಗೆ ಕಳೆದುಕೊಳ್ಳುವುದು ಬೇಡ. ಬೆಸುಗೆಗೆ ಮೊದಲು ಈ ರೆಸಿಸ್ಟರನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ.

22ಕೆಯಿಂದ 33ಕೆವರೆಗೆ ಯಾವುದು ಹಾಕಿದರೂ ಸರಿ. ನಾನಾದರೆ ಇನ್ನೂ ಮೇಲೆ ಹೋಗುತ್ತೇನೆ. 47ಕೆ ಹಾಕಿದರೆ ಗರಿಷ್ಠ ಗೇನ್ ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಈ ಪೆಡಲಿನ ದೊಡ್ಡ ದೂರು ಸ್ವರ ನಿಂತ ಮೇಲೆ ಏಳುವ ಸುಯ್ ಅನ್ನುವ ಸದ್ದು. ಸಸ್ಟೇನ್ ಪೂರ್ತಿ ಇಟ್ಟಾಗ ಆ ಸದ್ದೂ ಅಷ್ಟೇ ಇಳಿಯುತ್ತದೆ. ಗಿಟಾರಿನಲ್ಲಿ ಜೋರು ಸಿಗ್ನಲ್ ಕೊಡುವ ಹಂಬಕರ್ ಪಿಕಪ್ ಇದ್ದರೆ ಆ ಗೇನ್ ನಿಮಗೆ ಬೇಕಾಗಿಯೂ ಇರುವುದಿಲ್ಲ.

ಸಸ್ಟೇನ್ ಪಾಟ್ 500ಕೆ ಸಿಗದಿದ್ದರೆ 470ಕೆ ಧಾರಾಳವಾಗಿ ಹಾಕಿ. ಲೀನಿಯರ್ ಪಾಟ್ ಹಾಕಿದರೆ ಒಂದು ಅನನುಕೂಲ ಇದೆ. ಕರೆಂಟ್ ರೆಸಿಸ್ಟೆನ್ಸಿಗೆ ತಲೆಕೆಳಗಾಗಿ ಬದಲಾಗುವುದರಿಂದ ಮುಕ್ಕಾಲು ಸುತ್ತು ಏನೂ ಆಗದೆ, ಕೊನೆಯಲ್ಲಿ ಎಲ್ಲವೂ ಒಟ್ಟಿಗೆ ಆಗುತ್ತದೆ. ರಿವರ್ಸ್ ಲಾಗ್ ಪಾಟ್ ಇದಕ್ಕೆ ಮದ್ದು. ಅದು ಸಿಗದಿದ್ದರೆ ಸಾದಾ ಲಾಗ್ ಪಾಟನ್ನೇ ಇನ್ನೊಂದು ತುದಿಯಿಂದ ವೈರ್ ಮಾಡಿ. ಆಗ ಸಸ್ಟೇನ್ ಎಡಕ್ಕೆ ತಿರುಗಿಸಿದರೆ ಏರುತ್ತದೆ, ಅಷ್ಟೇ.

ನಿಮ್ಮ ನಕ್ಷೆಯಲ್ಲಿ ಎರಡು 150ಕೆ ಇರಬೇಕು. ಎರಡರ ಕೆಲಸ ಬೇರೆ ಬೇರೆ, ಗೊಂದಲ ಮಾಡಿಕೊಳ್ಳಬೇಡಿ.

ಒಂದು, ಸಿಎ3080ದ ಔಟ್‌ಪುಟ್ಟಿನಲ್ಲಿರುವುದು. ಈ ಐಸಿ ಕರೆಂಟ್ ಹೊರಹಾಕುತ್ತದೆ, ಅದನ್ನು ವೋಲ್ಟೇಜಾಗಿ ಮಾಡುವುದು ಈ ರೆಸಿಸ್ಟರ್. ಇದು ಸ್ವರದ ಹಾದಿಯಲ್ಲಿದೆ. 100ಕೆ ಹಾಕಿದರೆ ಗೇನ್ 3.5 ಡೆಸಿಬೆಲ್ ಕಡಿಮೆ, 220ಕೆ ಹಾಕಿದರೆ 3.3 ಡೆಸಿಬೆಲ್ ಜಾಸ್ತಿ. 120ಕೆ, 180ಕೆ ಎರಡೂ ನಡೆಯುತ್ತವೆ.

ಇನ್ನೊಂದು, ತೊಟ್ಟಿ ತುಂಬಿಸುವ 150ಕೆ. ಇಡೀ ಬೋರ್ಡಿನಲ್ಲಿ ಬದಲಿಸಿ ಆಡಲು ಅತಿ ಖುಷಿ ಕೊಡುವ ರೆಸಿಸ್ಟರ್ ಇದು. 150ಕೆ ಗುಣಿಸು 10 ಮೈಕ್ರೋಫ್ಯಾರಡ್ ಅಂದರೆ 1.5 ಸೆಕೆಂಡ್. ಜೋರಾಗಿ ಮೀಟಿದ ಮೇಲೆ ಗೇನ್ ಚೇತರಿಸಿಕೊಳ್ಳಲು ಹಿಡಿಯುವ ಸಮಯದ ಅಳತೆ ಇದು. ನಿಧಾನದ ಹಾಡಿಗೆ, ಸ್ಲೈಡಿಗೆ ಇದು ಚೆಂದ. ಬೇಗ ಬೇಗ ಬಾರಿಸುವಾಗ ಒಂದು ಜೋರು ಸ್ವರದ ಹಿಂದೆ ಬಂದ ಮೆಲು ಸ್ವರಗಳು ಮುಚ್ಚಿಹೋಗುತ್ತವೆ. 68ಕೆ ಹಾಕಿದರೆ ಚೇತರಿಕೆ 0.7 ಸೆಕೆಂಡಿನ ಆಸುಪಾಸಿಗೆ ಬರುತ್ತದೆ. 33ಕೆ ಹಾಕಿದರೆ ಮೂರನೇ ಒಂದು ಸೆಕೆಂಡ್. ಇಷ್ಟು ಬದಲಾವಣೆ ಯಾರ ಕಿವಿಗೂ ಕೇಳುತ್ತದೆ. ಡಯೋಡ್ ಬದಲಿಸಿ ಹುಡುಕುತ್ತಿರುವ ಬದಲಾವಣೆ ನಿಜವಾಗಿ ಇರುವುದು ಇಲ್ಲಿ.

ಇನ್ನೂ ಒಳ್ಳೆಯದು, ಆ ಜಾಗಕ್ಕೆ 10ಕೆ ರೆಸಿಸ್ಟರ್ ಮತ್ತು 150ಕೆ ಪಾಟನ್ನು ಸರಣಿಯಲ್ಲಿ ಹಾಕಿ. ಅನೇಕ ಪೆಡಲುಗಳಲ್ಲಿ ಇದೇ ಪಾಟಿಗೆ ಅಟ್ಯಾಕ್ ಅಂತ ಹೆಸರಿಟ್ಟಿದ್ದಾರೆ. ನೇರವಾಗಿ ಬದಲಾಗುವುದು ರಿಲೀಸ್, ಅಂದರೆ ಚೇತರಿಕೆ. ಆದರೆ ಹೆಸರು ಪೂರ್ತಿ ತಪ್ಪೂ ಅಲ್ಲ. ಪೈಪು ದಪ್ಪವಾದಷ್ಟೂ ನಲ್ಲಿಗಳು ಹೆಚ್ಚು ಸೋರಿಸಬೇಕು. 150ಕೆ ಇದ್ದಾಗ ಹೆಚ್ಚೆಂದರೆ 60 ಮೈಕ್ರೋಆಂಪ್ ಬರುತ್ತಿತ್ತು, 10ಕೆ ಆದಾಗ 0.9 ಮಿಲಿಆಂಪ್. ಅಷ್ಟನ್ನು ಎಳೆದು ಮಟ್ಟ ಇಳಿಸಲು ಹೊತ್ತು ಹಿಡಿಯುವುದರಿಂದ ಮೊದಲ ಏಟು ಹೆಚ್ಚು ಹೊರಗೆ ಬರುತ್ತದೆ. ತೀರಾ ಕಡಿಮೆ ಮಾಡಿದರೆ ಇನ್ನೊಂದು ತೊಂದರೆ ಇದೆ. 10ಕೆಗೆ ಸಮಯ 0.1 ಸೆಕೆಂಡ್. ದಪ್ಪ ತಂತಿಯ ಪ್ರತಿ ಸುತ್ತಿಗೂ ಮಟ್ಟ ಏರಿ ಇಳಿದು, ಗೇನ್ ಕೂಡ ಅದರ ಜೊತೆ ಅದುರಿ ಸ್ವರ ಒರಟಾಗುತ್ತದೆ. 10ಕೆಗಿಂತ ಕೆಳಗೆ ಹೋಗಬೇಡಿ.

ಹೀಗೆ ಪೈಪು ದಪ್ಪ ಮಾಡಿದಾಗ ಡಯೋಡಿನ ಆಯ್ಕೆಗೆ ಬೆಲೆ ಬರುತ್ತದೆ. ಹೆಚ್ಚು ಬೇಸ್ ಕರೆಂಟ್ ಬೇಕಾದಾಗ 1 ಮೆಗಾ ಓಮ್ ರೆಸಿಸ್ಟರ್ ಸಾಲದು, ಪಂಪೇ ದುಡಿಯಬೇಕು. ಎಲ್‌ಇಡಿ ಹಾಕಿ 10ಕೆಗೆ ಇಳಿಸಿದರೆ ದಪ್ಪ ತಂತಿಗಳ ಮೇಲೆ ಕಂಪ್ರೆಷನ್ ಸೊರಗುತ್ತದೆ. ಟ್ರಾನ್ಸಿಸ್ಟರಿನ ಬೀಟಾಕ್ಕೂ ಇದೇ ಮಾತು. ನಿಮ್ಮ ನಕ್ಷೆಯಲ್ಲಿ 2ಎನ್5088 ಇದ್ದರೆ ಅದು ಹೆಚ್ಚು ಬೀಟಾದ್ದು. ಅದರ ಬದಲಿಗೆ ಬಿಸಿ549ಸಿ ಅಥವಾ ಬಿಸಿ547ಸಿ ಹಾಕಿ, ಕೊನೆಯ ಸಿ ಅಕ್ಷರ ನೋಡಿ ಕೊಳ್ಳಿ. ಕಾಲುಗಳ ಕ್ರಮ ತಲೆಕೆಳಗಾಗಿರುತ್ತದೆ ಅನ್ನುವುದು ನೆನಪಿರಲಿ.

56ಕೆ ಮತ್ತು ಇನ್ನೊಂದು 27ಕೆಯ ಜೋಡಿ 9 ವೋಲ್ಟನ್ನು ಒಡೆದು ಸುಮಾರು 2.9 ವೋಲ್ಟ್ ಬಯಾಸ್ (ಸಿಗ್ನಲ್ ಇಲ್ಲದಾಗಲೂ ಇರುವ ಆಧಾರ ವೋಲ್ಟೇಜ್) ಕೊಡುತ್ತದೆ. ಇಲ್ಲಿ ಅನುಪಾತ ಮಾತ್ರ ಮುಖ್ಯ. 47ಕೆ ಮತ್ತು 22ಕೆ ಹಾಕಿದರೂ 2.87 ವೋಲ್ಟ್ ಬರುತ್ತದೆ. ಮುಗಿಯಿತು.

ಎರಡನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಮತ್ತು ಎಮಿಟರಿನ 10ಕೆಗಳು ಜೋಡಿ ಎತ್ತುಗಳಂತೆ ಒಂದೇ ಸಮ ಇರಬೇಕು. ಸಿಗ್ನಲ್ಲಿನ ಮೇಲರ್ಧ ಒಂದು ನಲ್ಲಿಗೆ, ಕೆಳಗರ್ಧ ಇನ್ನೊಂದಕ್ಕೆ ಹೋಗುವುದು ಇವುಗಳಿಂದ. ವ್ಯಾಲ್ಯೂ 9.1ಕೆ ಆದರೂ 12ಕೆ ಆದರೂ ಪರವಾಗಿಲ್ಲ, ಎರಡೂ ಒಂದೇ ಇರಲಿ. ಶೇಕಡ 5ರ ವ್ಯತ್ಯಾಸಕ್ಕೆ ಅರ್ಧ ಡೆಸಿಬೆಲ್ ಕೂಡ ಬರುವುದಿಲ್ಲ. ಐಸಿಯ ಎರಡು ಇನ್‌ಪುಟ್ ಪಿನ್‌ಗಳ ಸುತ್ತ ಇರುವ ಜೋಡಿಗಳು ಇನ್ನೂ ಸೂಕ್ಷ್ಮ. ಅವು ಸಮ ಇಲ್ಲದಿದ್ದರೆ ಗೇನ್ ಥಟ್ಟನೆ ಬದಲಾದಾಗ ಸ್ಪೀಕರಿನಲ್ಲಿ ಧಪ್ ಅನ್ನುವ ಸದ್ದು ಕೇಳುತ್ತದೆ. 1% ಮೆಟಲ್ ಫಿಲ್ಮ್‌ಗೆ ದುಡ್ಡು ಕೊಡುವುದಿದ್ದರೆ ಇಲ್ಲಿಗೆ ಕೊಡಿ. ಇಲ್ಲವೇ ಹತ್ತು 5% ರೆಸಿಸ್ಟರ್ ತಂದು ಅಳೆದು ಸಮ ಇರುವ ಎರಡನ್ನು ಆರಿಸಿ, ಅದೂ ಅಷ್ಟೇ ಒಳ್ಳೆಯದು. ತುಂಬಿಸುವ 150ಕೆಗೆ 1% ಹುಡುಕುವುದು ವ್ಯರ್ಥ. ಅದರ ಜೊತೆಗಾರ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸಾಮಾನ್ಯವಾಗಿ ಶೇಕಡ 20 ಹೆಚ್ಚುಕಮ್ಮಿ ಇರುತ್ತದೆ.

ಸದ್ದಿನ ದೃಷ್ಟಿಯಿಂದ ಮೆಟಲ್ ಫಿಲ್ಮ್ ಒಳ್ಳೆಯದೇ. ಐಸಿಗೆ ಮೊದಲು ಬರುವ ರೆಸಿಸ್ಟರ್‌ಗಳಿಗೆ ಅದನ್ನೇ ಹಾಕಿ, ಅಲ್ಲಿ ಹುಟ್ಟಿದ ಸದ್ದು ಎಲ್ಲಾ ಗೇನ್ ದಾಟಿ ಬರುತ್ತದೆ. ಉಳಿದ ಕಡೆ ಸಾದಾ ಕಾರ್ಬನ್ ಫಿಲ್ಮ್ ಸಾಕು. ಸುಯ್ ಸದ್ದಿನ ಬಹುಪಾಲು ಸಿಎ3080 ಮತ್ತು ಅದರ ದೊಡ್ಡ ಗೇನಿನಿಂದಲೇ ಬರುವುದು. ರೆಸಿಸ್ಟರಿನ ಜಾತಿ ಬದಲಿಸಿ ಅದನ್ನು ಓಡಿಸಲಾಗದು.

ಸಿಗದ ವ್ಯಾಲ್ಯೂಗಳನ್ನು ಕೂಡಿಸಿ ಮಾಡಿಕೊಳ್ಳಿ. 100ಕೆ ಮತ್ತು 47ಕೆ ಸರಣಿಯಲ್ಲಿ 147ಕೆ. 15ಕೆ ಮತ್ತು 12ಕೆ ಸೇರಿದರೆ 27ಕೆ. 47ಕೆ ಮತ್ತು 10ಕೆ ಸೇರಿದರೆ 57ಕೆ. ಎರಡು 470ಕೆ ಸಮಾನಾಂತರದಲ್ಲಿ 235ಕೆ, 220ಕೆ ಜಾಗಕ್ಕೆ ಸಾಕು. ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗುವವರು ಪರಿಚಯದವರಿದ್ದರೆ ಬಗೆಬಗೆ ವ್ಯಾಲ್ಯೂಗಳ ಒಂದು ರೆಸಿಸ್ಟರ್ ಕಿಟ್ ತರಿಸಿ. ಮುಂದಿನ ಪೆಡಲಿಗೂ ಆಗುತ್ತದೆ.

ಕಟ್ಟಿದ ಮೇಲೆ ಹೀಗೆ ಪರೀಕ್ಷಿಸಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ತಂತಿ ಗ್ರೌಂಡಿಗೆ, ಕೆಂಪು ತಂತಿ ಆ 10 ಮೈಕ್ರೋಫ್ಯಾರಡ್ ಕೆಪಾಸಿಟರಿನ ಪಾಸಿಟಿವ್ ಕಾಲಿಗೆ ಹಿಡಿಯಿರಿ. ಗಿಟಾರ್ ಸುಮ್ಮನಿದ್ದಾಗ ಬ್ಯಾಟರಿಯ ವೋಲ್ಟೇಜಿಗೆ ಹತ್ತಿರದ ಅಂಕಿ ಕಾಣಬೇಕು. ಜೋರಾಗಿ ಒಂದು ಕಾರ್ಡ್ ಬಾರಿಸಿ. ಅಂಕಿ ಥಟ್ಟನೆ ಕುಸಿದು, ಸ್ವರ ಆರಿದಂತೆ ಮೆಲ್ಲಗೆ ಏರಬೇಕು. ಕುಸಿಯದಿದ್ದರೆ ಡಯೋಡಿನ ದಿಕ್ಕು ಮತ್ತು ಟ್ರಾನ್ಸಿಸ್ಟರಿನ ಕಾಲು ನೋಡಿ. ಮೊದಲಿಂದಲೇ ಕೆಳಗಿದ್ದರೆ ಕೆಪಾಸಿಟರ್ ಉಲ್ಟಾ ಇರಬಹುದು ಅಥವಾ ಸೋರುತ್ತಿರಬಹುದು. ಇದು ಸರಿ ಇದ್ದರೆ ಬೋರ್ಡಿನ ಮೇಲಿರುವ ಟ್ರಿಮ್ ಪಾಟಿಗೆ (ಒಮ್ಮೆ ತಿರುಗಿಸಿ ಬಿಡುವ ಸಣ್ಣ ಪಾಟ್) ಹೋಗಿ. ಸಸ್ಟೇನ್ ಪೂರ್ತಿ ಏರಿಸಿ, ತಂತಿಯನ್ನು ಅಂಗೈಯಿಂದ ಒತ್ತಿ ಹಿಡಿದು ಗಟ್ಟಿಯಾಗಿ ಮೀಟುತ್ತಾ, ಧಪ್ ಸದ್ದು ಅತಿ ಕಡಿಮೆ ಇರುವ ಜಾಗಕ್ಕೆ ಟ್ರಿಮ್ ಪಾಟನ್ನು ತಿರುಗಿಸಿ ಬಿಡಿ.